ಕಪಿಲೆಯ ಸ್ನಾನಘಟ್ಟಕ್ಕೆ ಸೇರುತ್ತಿರುವ ಚರಂಡಿ ನೀರು ನಿಲ್ಲಿಸುವಂತೆ ಮನವಿ

ಇವರಿಂದ:
ದೇವಸ್ಥಾನದ ಸುತ್ತಲಿನ ಬೀದಿಗಳ ನಿವಾಸಿಗಳು ಮತ್ತು ಅಂಗಡಿಯವರು,
ನಂಜನಗೂಡು

ಇವರಿಗೆ:
ಊರಿನ ಸ್ವಚ್ಛತೆ ಮತ್ತು ಒಳಚರಂಡಿಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳು

ವಿಷಯ: ಸ್ನಾನಘಟ್ಟದ ಮೇಲ್ಗಡೆ ಹೊಳೆಗೆ ಬೀಳುತ್ತಿರುವ ಚರಂಡಿ ನೀರನ್ನು ದೊಡ್ಡ ಜಾತ್ರೆಗೆ ಮುಂಚೆಯೇ ನಿಲ್ಲಿಸುವ ಬಗ್ಗೆ, ಹಾಗೂ ಇತರ ತೊಂದರೆಗಳ ಬಗ್ಗೆ.

ಉಲ್ಲೇಖ: ಇದೇ ವಿಷಯವಾಗಿ ನಾವು ಹಿಂದೆ ಕೊಟ್ಟಿರುವ ಎಂಟು ಅರ್ಜಿಗಳು. ಎಂಟಕ್ಕೂ ಸ್ವೀಕೃತಿ ನಮ್ಮ ಹತ್ತಿರ ಇದೆ. ಉತ್ತರ ಬಂದಿರುವುದು ಎರಡಕ್ಕೆ ಮಾತ್ರ.

ಮಾನ್ಯರೇ,

ನಮಸ್ಕಾರ. ಮೇಲ್ಕಂಡ ವಿಷಯವನ್ನು ತಮ್ಮ ಗಮನಕ್ಕೆ ತರುವುದೇನೆಂದರೆ, ಇದು ಒಂಬತ್ತನೇ ಸಲ ತರುತ್ತಿರುವುದು.

ಹೋದ ಅಮಾವಾಸ್ಯೆಯ ಬೆಳಿಗ್ಗೆ ನಡೆದದ್ದನ್ನೇ ಮೊದಲು ಹೇಳುತ್ತೇವೆ. ಗುಂಡ್ಲುಪೇಟೆ ಕಡೆಯ ಒಬ್ಬ ಅಜ್ಜಿ ಮೊಮ್ಮಗನನ್ನು ಮುಡಿ ಕೊಡಿಸಲು ಕರೆದುಕೊಂಡು ಬಂದಿದ್ದರು. ಮುಡಿ ತೆಗೆಸಿ ಆಯಿತು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲು ಇಳಿದರು. ಕೊನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟರು. ಹತ್ತು ಹೆಜ್ಜೆ ಮೇಲ್ಗಡೆ ಚರಂಡಿಯ ಬಾಯಿ. ಅಲ್ಲಿಂದ ಕಪ್ಪು ನೀರು ದಡಕ್ಕೆ ಅಂಟಿಕೊಂಡಂತೆ ಇಳಿದು ಬರುತ್ತಿತ್ತು. ಅದರ ಮೇಲೆ ನೊರೆ, ಶಾಂಪೂ ಪೊಟ್ಟಣ, ಯಾರದೋ ಮನೆಯ ಅನ್ನದ ಅಗುಳು. ಅಜ್ಜಿ ನಮ್ಮ ಕಡೆ ತಿರುಗಿ, "ಇಲ್ಲೇ ಮುಳುಗುಸ್ಬೇಕಾ ಕಣಪ್ಪ? ಬೇರೆ ಕಡೆ ಒಳ್ಳೇ ನೀರಿಲ್ವಾ?" ಎಂದು ಕೇಳಿದರು. ನಮಗೆ ಮಾತು ಹೊರಡಲಿಲ್ಲ. ಕೊನೆಗೆ ಅವರು ಮೇಲೆ ಹತ್ತಿ, ಅಂಗಡಿಯಲ್ಲಿ ಎರಡು ಬಾಟಲಿ ನೀರು ಕೊಂಡು, ಅದನ್ನೇ ಮಗುವಿನ ತಲೆಗೆ ಹುಯ್ದರು. ಕಪಿಲೆಯ ದಡದಲ್ಲಿ ನಿಂತು ಬಾಟಲಿ ನೀರಲ್ಲಿ ಸ್ನಾನ! ಆ ಅಂಗಡಿಯವರು ದುಡ್ಡು ಬೇಡ ಎಂದರು. ಅಜ್ಜಿ ಕೇಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟು ಹೋದರು.

ಆ ದಿನ ನಮಗೆ ಆದ ನಾಚಿಕೆ ತಮಗೂ ಆಗಲಿ ಎಂದೇ ಈ ಪತ್ರ ಬರೆಯುತ್ತಿದ್ದೇವೆ.

ನಂಜನಗೂಡು ಅಂದರೆ ಏನು ಅಂತ ತಮಗೆ ಹೇಳುವ ಅಗತ್ಯ ಇರಬಾರದಿತ್ತು. ಆದರೆ ಕಳೆದ ಸಲ ಬಂದಾಗ ತಮ್ಮ ಸಿಬ್ಬಂದಿಯೊಬ್ಬರು, "ಹೊಳೇಲೇ ಸ್ನಾನ ಮಾಡ್ಬೇಕು ಅಂತ ಏನಿದೆ? ಮನೇಲೇ ಮುಗಿಸ್ಕೊಂಡು ಬರಬಹುದಲ್ವಾ?" ಎಂದು ನಮ್ಮನ್ನೇ ಕೇಳಿದರು. ಅದಕ್ಕೆ ಉತ್ತರ ಇಲ್ಲಿದೆ.

ಈ ಊರಿಗೆ ಬರುವವರು ಮೊದಲು ಹೊಳೆಗೆ ಇಳಿಯುತ್ತಾರೆ, ಆಮೇಲೆ ದೇವರ ಹತ್ತಿರ ಹೋಗುತ್ತಾರೆ. ಹರಕೆ ಹೊತ್ತವರು ಅದೇ ಒದ್ದೆ ಬಟ್ಟೆಯಲ್ಲಿ ಉರುಳು ಸೇವೆ ಮಾಡುತ್ತಾರೆ. ನಂಜು ಉಂಡವನೇ ನಂಜುಂಡ. ಅವನನ್ನು ಜನ ವೈದ್ಯ ಅಂತಲೇ ನಂಬಿಕೊಂಡು ಬಂದಿದ್ದಾರೆ. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತು, ಅದಕ್ಕೇ ಅವನು ಪಚ್ಚೆ ಲಿಂಗ ಕೊಟ್ಟ, 'ಹಕೀಂ ನಂಜುಂಡ' ಅಂತ ಕರೆದ ಎನ್ನುವ ಕಥೆ ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಮೈ ಮೇಲಿನ ಕಾಯಿಲೆ ಹೋಗಲಿ ಅಂತ ಇವತ್ತಿಗೂ ಜನ ಬಸ್ಸು ಹತ್ತಿ ಬಂದು ಈ ನೀರಿನಲ್ಲಿ ಮುಳುಗುತ್ತಾರೆ. ಅಂಥವರಿಗೆ ನಾವು ಹೊಸ ಕಾಯಿಲೆ ಹತ್ತಿಸಿ ಕಳಿಸಬೇಕೇ? ಕೌಂಡಿನ್ಯ ಬಂದು ಕಪಿಲೆಗೆ ಸೇರುವ ಜಾಗದಲ್ಲಿ ಪರಶುರಾಮ ಕ್ಷೇತ್ರ ಇದೆ. ಅಲ್ಲಿಗೂ ಹೋಗದಿದ್ದರೆ ಯಾತ್ರೆ ಪೂರ್ತಿಯಾಗುವುದಿಲ್ಲ ಎನ್ನುತ್ತಾರೆ. ದೊಡ್ಡ ಜಾತ್ರೆಯ ತೆಪ್ಪೋತ್ಸವ ಇದೇ ಹೊಳೆಯಲ್ಲಿ ನಡೆಯುತ್ತದೆ. ಹೊಳೆಯನ್ನು ಬಿಟ್ಟು ಈ ಊರಲ್ಲಿ ಯಾವ ಸೇವೆ ಇದೆ ಹೇಳಿ?

ಈ ನೀರು ನಮ್ಮಲ್ಲೇ ನಿಲ್ಲುವುದೂ ಇಲ್ಲ. ಇಲ್ಲಿಂದ ಮುಂದೆ ತಿರುಮಕೂಡಲು ನರಸೀಪುರಕ್ಕೆ ಹೋಗಿ ಕಾವೇರಿಗೆ ಸೇರುತ್ತದೆ. ಅಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ಮಾಡುತ್ತಾರೆ. ನಮ್ಮ ಬೀದಿಯ ಕೊಳಚೆಯನ್ನು ನಾವು ಅವರ ಸಂಗಮಕ್ಕೆ ಕಳಿಸುತ್ತಿದ್ದೇವೆ.

ಹೊಟ್ಟೆಪಾಡಿನ ಮಾತೂ ಇದೆ. ನಮ್ಮೂರಿನ ಹೆಸರು ಹೊತ್ತ ರಸಬಾಳೆಯನ್ನು ಒಂದು ಕಾಲದಲ್ಲಿ ದೇವಸ್ಥಾನದ ಮುಂದೆ ಗೊನೆಗಟ್ಟಲೆ ನೇತುಹಾಕಿ ಮಾರುತ್ತಿದ್ದರು. ಸೊರಗು ರೋಗ ಬಂದು ತೋಟಗಳು ಹೋದವು. ಭೌಗೋಳಿಕ ಸೂಚಕದ ಮಾನ್ಯತೆ ಬಂತು, ಆದರೆ ನಿಜವಾದ ರಸಬಾಳೆ ಬೇಕು ಅಂದರೆ ಈಗ ದೇವರಸನಹಳ್ಳಿ ಕಡೆ ವಿಚಾರಿಸಿಕೊಂಡು ಹೋಗಬೇಕು. ಹಲ್ಲುಪುಡಿಯ ಪೊಟ್ಟಣದ ಮೇಲೆ ಊರಿನ ಹೆಸರು ಓದಿಕೊಂಡು ಬೆಳೆದವರು ನಾವು. ಆ ಪೊಟ್ಟಣವೂ ಈಗ ಎಲ್ಲ ಮನೆಯಲ್ಲಿ ಕಾಣುವುದಿಲ್ಲ. ಕಾರ್ಖಾನೆಯಲ್ಲಿ ಕೆಲಸ ಸಿಕ್ಕವರಿಗೆ ಸಿಕ್ಕಿತು. ಹಣ್ಣುಕಾಯಿ ಮಾರುವವರು, ಬಿಲ್ವಪತ್ರೆ ಕಟ್ಟುವವರು, ಕ್ಷೌರಿಕರು, ಹೋಟೆಲಿನವರು, ಆಟೋದವರು, ಒಂದು ರೂಮು ಬಾಡಿಗೆಗೆ ಕೊಟ್ಟು ಸಂಸಾರ ನಡೆಸುವವರು, ನಮಗೆಲ್ಲ ಭಕ್ತರು ಬಂದರೆ ಊಟ. ಹೊಳೆ ವಾಸನೆ ಹೊಡೆದರೆ ಅವರು ಕೈಮುಗಿದು ಕಾರು ಹತ್ತಿ ಹೊರಡುತ್ತಾರೆ. ಒಂದು ರಾತ್ರಿ ಉಳಿಯುತ್ತಿದ್ದವರು ಈಗ ಒಂದು ಗಂಟೆಯಲ್ಲಿ ವಾಪಸ್. ಸೋಮವಾರ ಮತ್ತು ಹುಣ್ಣಿಮೆಯ ವ್ಯಾಪಾರ ಎಷ್ಟು ಇಳಿದಿದೆ ಅಂತ ಯಾವ ಅಂಗಡಿಯಲ್ಲಿ ಬೇಕಾದರೂ ಕೇಳಿ ನೋಡಿ.

ಇನ್ನು ನಮ್ಮ ಅರ್ಜಿಗಳ ಕಥೆ. 2019ರ ಆಗಸ್ಟ್‌ನಲ್ಲಿ ಇದೇ ಕಪಿಲೆಗೆ ಕಟ್ಟಿರುವ ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಪ್ರವಾಹ ಬಂದು ಹದಿನಾರು ಕಾಲು ಮಂಟಪ, ಪರಶುರಾಮನ ದೇವಸ್ಥಾನ ಎಲ್ಲ ಮುಳುಗಿದ್ದು ತಮಗೆ ನೆನಪಿರಬೇಕು. ಹಿಂದಿನ ವರ್ಷವೂ ಅದೇ ಆಗಿತ್ತು. ನೀರು ಇಳಿದಾಗ ಚರಂಡಿಯ ಕೊನೆಯ ಭಾಗ ಒಡೆದು ಬಾಯಿ ತೆರೆದುಕೊಂಡಿತ್ತು. ಆಗ ಬಾಯಿಮಾತಿನಲ್ಲಿ ಹೇಳಿದೆವು. "ಪ್ರವಾಹದ ಕೆಲಸ ಮುಗೀಲಿ" ಎಂದರು. ಮುಗಿಯಿತು. ಬರೆದುಕೊಟ್ಟೆವು. "ಕ್ರಿಯಾ ಯೋಜನೆಯಲ್ಲಿ ಸೇರಿಸುತ್ತೇವೆ" ಎಂದರು. ಎರಡನೇ ಅರ್ಜಿಗೆ ಇಂಜಿನಿಯರ್ ಬಂದರು. ಟೇಪು ಹಿಡಿದು ಅಳೆದರು, ಮೆಟ್ಟಿಲಿನ ಪಕ್ಕದ ಕಲ್ಲಿನ ಮೇಲೆ ಹಳದಿ ಬಣ್ಣದಲ್ಲಿ ಒಂದು ಬಾಣದ ಗುರುತು ಹಾಕಿದರು. ಆ ಗುರುತು ಇವತ್ತಿಗೂ ಇದೆ. ಕೆಲಸ ಅಂತ ಅಲ್ಲಿ ಆದದ್ದು ಅದೊಂದೇ. ಮೂರನೇ ಅರ್ಜಿಯ ಹೊತ್ತಿಗೆ ಅವರಿಗೆ ವರ್ಗ ಆಗಿತ್ತು. ಹೊಸಬರು ಕಡತ ಸಿಗುತ್ತಿಲ್ಲ ಎಂದರು. ನಾವೇ ಹಳೆಯ ಅರ್ಜಿಗಳ ಜೆರಾಕ್ಸ್ ಮಾಡಿಸಿ ಹೊಸ ಕಡತ ಮಾಡಿಕೊಟ್ಟೆವು. ಕಡತಕ್ಕೆ ದಾರವೂ ನಮ್ಮದೇ.

ನಾಲ್ಕನೆಯದನ್ನು ಮೊಬೈಲಿನಲ್ಲಿ ಹಾಕಿ ಎಂದರು. ಫೋಟೋ ಸಮೇತ ಹಾಕಿದೆವು. ಹನ್ನೊಂದನೇ ದಿನ "ದೂರು ಪರಿಹರಿಸಲಾಗಿದೆ" ಎಂದು ಮೆಸೇಜು ಬಂತು. ಜೊತೆಗೆ ಒಂದು ಸ್ವಚ್ಛವಾದ ಚರಂಡಿಯ ಚಿತ್ರ. ಅದು ನಮ್ಮ ಬೀದಿಯದೇ ಅಲ್ಲ! ಇದನ್ನು ತಪ್ಪು ಅನ್ನುವುದಿಲ್ಲ, ಸುಳ್ಳು ಅನ್ನುತ್ತೇವೆ. ಐದನೆಯದು ಮಾಹಿತಿ ಹಕ್ಕಿನ ಅರ್ಜಿ. ಕಾನೂನಿನ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ನಮಗೆ ಬಂದದ್ದು ಎರಡೂವರೆ ತಿಂಗಳಿಗೆ. "ಸದರಿ ಸ್ಥಳವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಒಂದು ಸಾಲಿನ ಹಿಂಬರಹ. ಯಾರ ವ್ಯಾಪ್ತಿ ಅಂತ ಹುಡುಕಿಕೊಂಡು ಹೊರಟೆವು. ಮೆಟ್ಟಿಲು ಒಬ್ಬರದಂತೆ, ಮೆಟ್ಟಿಲು ಮುಟ್ಟುವ ನೀರು ಇನ್ನೊಬ್ಬರದಂತೆ, ದೇವಸ್ಥಾನ ಮತ್ತೊಬ್ಬರದಂತೆ. ಚರಂಡಿಯೊಳಗಿನ ನೀರು ಮಾತ್ರ ಯಾರದೂ ಅಲ್ಲವಂತೆ. ಸ್ವಾಮಿ, ಅದು ನಮ್ಮ ಮನೆಗಳದೇ ನೀರು. ಅದಕ್ಕೆ ನಾವು ತೆರಿಗೆ ಕಟ್ಟುತ್ತೇವೆ. ಆ ರಸೀದಿ ಕೊಡುವಾಗ ವ್ಯಾಪ್ತಿಯ ಮಾತು ಬರುವುದಿಲ್ಲ.

ಆರನೆಯದನ್ನು ಜನಸ್ಪಂದನ ಸಭೆಯಲ್ಲಿ ಕೈಗೇ ಕೊಟ್ಟೆವು. ಮೈಕಿನಲ್ಲಿ "ಹದಿನೈದು ದಿನದಲ್ಲಿ" ಎಂದು ಹೇಳಿದರು, ನಾವು ಚಪ್ಪಾಳೆ ತಟ್ಟಿದೆವು. ಏಳನೆಯದು ಆ ಹದಿನೈದು ದಿನವನ್ನು ನೆನಪಿಸಿದ್ದು. ಎಂಟನೆಯದು ಹೋದ ವರ್ಷದ ದೊಡ್ಡ ಜಾತ್ರೆಗೆ ಮುಂಚೆ. ಆಗ ಮಾತ್ರ ಕೆಲಸದವರು ಬಂದರು. ಬ್ಲೀಚಿಂಗ್ ಪೌಡರ್ ಚೆಲ್ಲಿದರು. ಚರಂಡಿಯ ಬಾಯಿ ಕಾಣದಂತೆ ಹಸಿರು ಬಟ್ಟೆ ಕಟ್ಟಿದರು. ಅದರ ಮೇಲೆ ಭಕ್ತರಿಗೆ ಸ್ವಾಗತ ಕೋರುವ ಫ್ಲೆಕ್ಸ್. ತೇರು ಮುಗಿದ ಮಾರನೇ ದಿನ ಬಟ್ಟೆ ಬಿಚ್ಚಿಕೊಂಡು ಹೋದರು. ಇಷ್ಟು ವರ್ಷ ನಮ್ಮನ್ನು ಏನೆಂದು ತಿಳಿದುಕೊಂಡಿದ್ದೀರಿ?

ಮೆಟ್ಟಿಲ ಮೇಲೆ ನಿಂತರೆ ಕಾಣುವುದು ಇದೊಂದೇ ಅಲ್ಲ. ಸ್ನಾನ ಮಾಡಿದವರು ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡುತ್ತಾರೆ. ಅದು ತಪ್ಪು, ನಾವೂ ಹೇಳುತ್ತೇವೆ, ಕೆಲವರು ನಮ್ಮ ಮೇಲೇ ರೇಗುತ್ತಾರೆ. ಆದರೆ ಬಟ್ಟೆ ಹಾಕಲು ಒಂದು ತೊಟ್ಟಿಯನ್ನಾದರೂ ಇಟ್ಟಿದ್ದೀರಾ? ನೆನೆದ ಸೀರೆ, ಪಂಚೆಗಳು ಕಲ್ಲಿಗೆ ಸುತ್ತಿಕೊಂಡು ಕೊಳೆಯುತ್ತವೆ, ಇಳಿಯುವವರ ಕಾಲಿಗೆ ತೊಡರುತ್ತವೆ. ಹಿಡಿದುಕೊಳ್ಳುವ ಸರಪಳಿ ಎರಡು ಕಡೆ ತುಂಡಾಗಿದೆ. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ವಾರಕ್ಕೆ ಒಬ್ಬರಾದರೂ ಜಾರಿ ಬೀಳುತ್ತಾರೆ. ಹೆಣ್ಣುಮಕ್ಕಳು ಬಟ್ಟೆ ಬದಲಾಯಿಸುವ ಕೋಣೆಗೆ ಬಾಗಿಲಿದೆ, ಚಿಲಕ ಇಲ್ಲ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದುಕೊಂಡು ನಿಲ್ಲಬೇಕು. ಒಬ್ಬರೇ ಬಂದವರು ಏನು ಮಾಡಬೇಕು?

ಉರುಳು ಸೇವೆಯ ವಿಷಯ ಬರೆಯುವಾಗ ಸಿಟ್ಟು ಬರುತ್ತದೆ. ಪೈಪು ಹಾಕಲು ದೇವಸ್ಥಾನದ ಪಕ್ಕದ ರಸ್ತೆ ಅಗೆದರು. ಮುಚ್ಚಿದರು, ಆದರೆ ಜಲ್ಲಿ ಹಾಗೇ ಬಿಟ್ಟು ಹೋದರು. ಬೆಳಗಿನ ಜಾವ ಕತ್ತಲೆಯಲ್ಲಿ ಹೊರಗಿನಿಂದ ಉರುಳಿ ಬಂದ ಒಬ್ಬ ತಾಯಿಯ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಆ ಬೀದಿಯಲ್ಲಿ ಕಂಬ ಇದೆ, ದೀಪ ಇಲ್ಲ. ಮಾರನೇ ದಿನ ನಾವೇ ಪೊರಕೆ ಹಿಡಿದು ಜಲ್ಲಿ ಗುಡಿಸಿದೆವು. ಈಗಲೂ ದಿನಾ ಗುಡಿಸುತ್ತಿದ್ದೇವೆ.

ತೇರು ಎಳೆಯುವ ಬೀದಿಯನ್ನಂತೂ ಕೇಳಲೇಬೇಡಿ. ಐದು ತೇರು ಎಳೆಯುವ ಪಂಚ ಮಹಾರಥೋತ್ಸವ ನಮ್ಮದು. ನಂಜುಂಡೇಶ್ವರನ ಗೌತಮ ರಥ ಎಷ್ಟು ಭಾರ ಅಂತ ಹಗ್ಗ ಹಿಡಿದವರಿಗೆ ಗೊತ್ತು. ಅಂಥ ಬೀದಿಯಲ್ಲಿ ಚರಂಡಿಯ ಮೇಲಿನ ಚಪ್ಪಡಿಗಳು ಒಂದೇ ಮಳೆಗಾಲಕ್ಕೆ ಬಿರುಕು ಬಿಟ್ಟಿವೆ. ಚಕ್ರ ಒಂದು ಗೇಣು ಸರಿದು ಅದರ ಮೇಲೆ ಹತ್ತಿದರೆ ಗತಿ ಏನು? 1735ರಲ್ಲಿ ದಳವಾಯಿ ದೇವರಾಜರ ಕಾಲದಲ್ಲಿ ಕಪಿಲೆಗೆ ಕಟ್ಟಿದ ಕಲ್ಲಿನ ಸೇತುವೆಯ ಮೇಲೆ ಆಮೇಲೆ ರೈಲೇ ಓಡಿತು. ಇವತ್ತಿಗೂ ಅದು ನಿಂತಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಕಟ್ಟಿಸಿದ ಗೋಪುರವೂ ನಿಂತಿದೆ. ಕಲ್ಲು, ಗಾರೆ, ಜನ ಎಲ್ಲ ಇದೇ ಊರಿನವು. ಹಾಗಿರುವಾಗ ಒಂದು ಚಪ್ಪಡಿ ಒಂದು ವರ್ಷ ಬಾಳಲಿಲ್ಲ ಅಂದರೆ ಅದಕ್ಕೆ ಬಿಲ್ ಪಾಸು ಮಾಡಿದವರು ಯಾರು ಅಂತ ತಿಳಿಯುವ ಹಕ್ಕು ನಮಗಿದೆ.

ಹುಣ್ಣಿಮೆಯ ದಿನ ವಾಹನಗಳು ಮನೆ ಬಾಗಿಲಿಗೆ ಅಡ್ಡ ನಿಲ್ಲುತ್ತವೆ. ಸಾರ್ವಜನಿಕ ಶೌಚಾಲಯದಲ್ಲಿ ನೀರಿಲ್ಲ, ಬೀಗ ಇದೆ. ಇದಕ್ಕೆ ಬೇರೆ ಅರ್ಜಿ ಕೊಡುತ್ತೇವೆ.

ಈಗ ನಾವು ಕೇಳುತ್ತಿರುವುದು ಇಷ್ಟು. ಘಟ್ಟದ ಮೇಲ್ಗಡೆಯ ಚರಂಡಿಯ ಬಾಯಿ ಮುಚ್ಚಿ, ಆ ನೀರನ್ನು ಒಳಚರಂಡಿಯ ಮುಖ್ಯ ಪೈಪಿಗೆ ಸೇರಿಸಬೇಕು. ದೂರ ಜಾಸ್ತಿ ಇಲ್ಲ. ಅಂದಾಜು ಪಟ್ಟಿ ಹಿಂದೆಯೇ ಆಗಿದೆ ಎಂದು ತಮ್ಮ ಕಚೇರಿಯವರೇ ಹೇಳಿದ್ದಾರೆ. ಅಂದಮೇಲೆ ಹೊಸದಾಗಿ ಅಳೆಯುವ ನೆಪ ಬೇಡ. ಅದು ಮುಗಿಯುವ ತನಕ ಬೆಳಿಗ್ಗೆ ಮತ್ತು ಸಂಜೆ ಪಂಪು ಇಟ್ಟು ಆ ನೀರನ್ನು ಬೇರೆ ಕಡೆ ಎತ್ತಿ ಹಾಕಿಸಿ. ಬಟ್ಟೆಗೆ ತೊಟ್ಟಿ, ಸರಪಳಿ, ಚಿಲಕ, ಬೀದಿ ದೀಪ, ಇವಕ್ಕೆ ಟೆಂಡರ್ ಬೇಕಿಲ್ಲ. ಒಬ್ಬರು ಮನಸ್ಸು ಮಾಡಿದರೆ ಒಂದು ವಾರದ ಕೆಲಸ. ಚರಂಡಿ ಯಾರ ವ್ಯಾಪ್ತಿ ಎಂಬುದನ್ನು ಸಂಬಂಧಪಟ್ಟ ಎಲ್ಲ ಕಚೇರಿಗಳೂ ಒಂದೇ ದಿನ ಒಂದೇ ಕಡೆ ಕೂತು ತೀರ್ಮಾನ ಮಾಡಿ, ನಮಗೆ ಲಿಖಿತವಾಗಿ ಕೊಡಿ. ಇನ್ನು ಮುಂದೆ ಒಂದು ಕಚೇರಿಯ ಬಾಗಿಲಿನಿಂದ ಇನ್ನೊಂದಕ್ಕೆ ನಾವು ಓಡಾಡುವುದಿಲ್ಲ.

ಸ್ಥಳ ಪರಿಶೀಲನೆಗೆ ತಾವೇ ಬರಬೇಕು. ಬೇರೆಯವರನ್ನು ಕಳಿಸಬೇಡಿ. ಮುಂದಿನ ಅಮಾವಾಸ್ಯೆಯ ದಿನ ಬೆಳಿಗ್ಗೆ ಆರು ಗಂಟೆಗೆ ಬನ್ನಿ. ಹತ್ತು ಗಂಟೆಯ ಮೇಲೆ ಬಂದರೆ ಮನೆಗಳ ಸ್ನಾನ, ಪಾತ್ರೆ ಎಲ್ಲ ಮುಗಿದು ಚರಂಡಿ ತೆಳ್ಳಗೆ ಹರಿಯುತ್ತಿರುತ್ತದೆ. ಆಗ "ಅಷ್ಟೇನೂ ಇಲ್ಲವಲ್ಲ" ಅನ್ನುತ್ತೀರಿ. ಹೋದ ಸಲ ಬಂದವರು ಹನ್ನೊಂದೂವರೆಗೆ ಬಂದಿದ್ದರು. ಹಳದಿ ಬಾಣದ ಗುರುತಿನ ಹತ್ತಿರ ನಾವು ಕಾಯುತ್ತಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ದೇವಸ್ಥಾನದ ಸುತ್ತಲಿನ ಬೀದಿಗಳ ನಿವಾಸಿಗಳು ಮತ್ತು ಅಂಗಡಿಯವರು
ನಂಜನಗೂಡು

ಲಗತ್ತು: ಸಹಿ ಮಾಡಿದವರ ಪಟ್ಟಿ, ಹಿಂದಿನ ಎಂಟು ಅರ್ಜಿಗಳ ಸ್ವೀಕೃತಿ ಪ್ರತಿಗಳು, ಬೆಳಿಗ್ಗೆ ಆರು ಗಂಟೆಗೆ ತೆಗೆದ ಫೋಟೋಗಳು.