ಸಹಿಗೆ ಮುಂಚೆ ರಾಜ್ಯಗಳನ್ನು ಕೇಳಲಿ

ಮಾನ್ಯ ಸಂಪಾದಕರೇ,

ವಿದೇಶದ ಕಾಳುಮೆಣಸು ಬಂದು ಬೆಲೆ ಕುಸಿದಾಗಲೆಲ್ಲ ‘ಕೃಷಿ ರಾಜ್ಯದ ವಿಷಯ, ರಾಜ್ಯದ ಒಪ್ಪಿಗೆಯಿಲ್ಲದೆ ವಿದೇಶಿ ವ್ಯಾಪಾರ ಒಪ್ಪಂದಕ್ಕೆ ಕೇಂದ್ರ ಹೇಗೆ ಸಹಿ ಹಾಕಿತು?’ ಎಂಬ ಪ್ರಶ್ನೆ ಕೊಡಗು, ಹಾಸನ, ಚಿಕ್ಕಮಗಳೂರಿನ ಬೆಳೆಗಾರರಿಂದ ಏಳುತ್ತದೆ. ಸಂಕಟ ನಿಜ. ಆದರೆ ನಮ್ಮ ಸಂವಿಧಾನದಲ್ಲಿ ಅಂಥ ಒಪ್ಪಿಗೆಗೆ ಜಾಗವೇ ಇಲ್ಲ.

ಕೇಂದ್ರ, ರಾಜ್ಯಗಳ ನಡುವೆ ವಿಷಯಗಳನ್ನು ಹಂಚುವ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 14ನೇ ನಮೂದು ಕೃಷಿ. ಕೇಂದ್ರ ಪಟ್ಟಿಯಲ್ಲಿ ಅದೇ ಸಂಖ್ಯೆಯ ನಮೂದು ವಿದೇಶಿ ಒಪ್ಪಂದಗಳು. ಒಪ್ಪಂದದ ಜಾರಿಗೆಂದು ರಾಜ್ಯ ಪಟ್ಟಿಯ ವಿಷಯದ ಮೇಲೂ ಸಂಸತ್ತು ಕಾನೂನು ಮಾಡಬಹುದು ಎನ್ನುತ್ತದೆ 253ನೇ ವಿಧಿ. 249ನೇ ವಿಧಿಯಡಿ ಹೀಗೆ ಮಾಡಲು ರಾಜ್ಯಸಭೆಯಲ್ಲಿ ಮೂರನೇ ಎರಡರಷ್ಟು ಮತ ಬೇಕು, 252ರಡಿ ಕನಿಷ್ಠ ಎರಡು ರಾಜ್ಯಗಳ ಶಾಸನಸಭೆಗಳ ನಿರ್ಣಯ ಬೇಕು. 253ಕ್ಕೆ ಎರಡೂ ಬೇಡ. ಮೆಣಸಿನ ಮಟ್ಟಿಗೆ ಅಷ್ಟು ದೂರವೂ ಹೋಗಬೇಕಿಲ್ಲ: ಆಮದು ಸುಂಕ ಕೇಂದ್ರ ಪಟ್ಟಿಯ 83ನೇ ನಮೂದು. 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಅಡಿ ಒಂದು ಅಧಿಸೂಚನೆ ಹೊರಟರೆ ಸುಂಕ ಇಳಿಯುತ್ತದೆ.

ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲೇ ಜಾರಿಗೆ ಬಂತು. ವಿಯೆಟ್ನಾಂ ಮೆಣಸು ಸುಂಕದ ರಿಯಾಯಿತಿಗಾಗಿ, ಶ್ರೀಲಂಕಾದಲ್ಲೇ ಬೆಳೆದದ್ದೆಂಬ ಮೂಲ ಪ್ರಮಾಣಪತ್ರ ಹೊತ್ತು ಬರುತ್ತಿದೆ ಎಂದು ಬೆಳೆಗಾರರು ಕೂಗಿದ ಮೇಲೆ, ಕೆ.ಜಿ.ಗೆ ₹500ರ ಕನಿಷ್ಠ ಆಮದು ಬೆಲೆ ನಿಗದಿಯಾದದ್ದು 2017ರ ಡಿಸೆಂಬರ್‌ನಲ್ಲಿ. ಸರಕು ಯಾವ ದೇಶದ್ದೆಂದು ತೀರ್ಮಾನಿಸುವ ಮೂಲದ ನಿಯಮವನ್ನು ಮಾತುಕತೆಯ ಹಂತದಲ್ಲೇ ಬಿಗಿಗೊಳಿಸಬೇಕಿತ್ತು. ಆಗ ಮೆಣಸು ಬೆಳೆಯುವ ರಾಜ್ಯಗಳ ದನಿಗೆ ಅಲ್ಲಿ ಕಾನೂನಿನ ಬಲವಿರಲಿಲ್ಲ, ಈಗಲೂ ಇಲ್ಲ.

ಒಕ್ಕೂಟವೆಂದರೆ ಹೀಗೇ ಇರಬೇಕೆಂದೇನಿಲ್ಲ. ಒಂದು ರಾಜ್ಯದ ವಿಶೇಷ ಸ್ಥಿತಿಗತಿಗೆ ಸಂಬಂಧಿಸಿದ ಒಪ್ಪಂದವಾದರೆ ಆ ರಾಜ್ಯವನ್ನು ಸಕಾಲದಲ್ಲಿ ಕೇಳಲೇಬೇಕು ಎಂದು ಜರ್ಮನಿಯ ಸಂವಿಧಾನವಾದ ‘ಮೂಲ ಕಾನೂನಿ’ನ 32ನೇ ವಿಧಿ ಹೇಳುತ್ತದೆ. ಕೆನಡಾದಲ್ಲಿ ಪ್ರಾಂತ್ಯಗಳ ವಿಷಯವಾದರೆ ಜಾರಿಯ ಕಾನೂನನ್ನು ಪ್ರಾಂತ್ಯಗಳೇ ಮಾಡಬೇಕು. 1937ರ ತೀರ್ಪಿನಿಂದ ಅದು ಖಚಿತವಾಗಿದೆ.

ನಮ್ಮಲ್ಲಿ ಇದಕ್ಕೆ ಸಂವಿಧಾನ ತಿದ್ದುಪಡಿಯ ಅಗತ್ಯವೂ ಇಲ್ಲ. ಕೇಂದ್ರ ಪಟ್ಟಿಯ 14ನೇ ನಮೂದಿನಡಿ ಸಂಸತ್ತೇ ಒಪ್ಪಂದದ ವಿಧಾನ ಕುರಿತು ಕಾನೂನು ತರಬಹುದು. ನ್ಯಾಯಮೂರ್ತಿ ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ, ಕೇಂದ್ರ-ರಾಜ್ಯ ಸಂಬಂಧಗಳ ಕುರಿತ ಪೂಂಛಿ ಆಯೋಗ 2010ರಲ್ಲಿ ಇದನ್ನೇ ಹೇಳಿವೆ. ನಮ್ಮ ಸಂಸದರು ಪಕ್ಷ ಮರೆತು ಆ ಕಾನೂನನ್ನು ಕೇಳಬೇಕು. ಅಲ್ಲಿಯವರೆಗೆ ರಾಜ್ಯ ಸರ್ಕಾರ ಪ್ರತಿ ಮಾತುಕತೆಗೂ ಮುಂಚೆ, ಯಾವ ಬೆಳೆಗೆ ಸುಂಕ ವಿನಾಯಿತಿ ಬೇಡ, ಕೋಟಾ ಎಷ್ಟು ಟನ್ ಮೀರಬಾರದು, ಮೂಲದ ನಿಯಮ ಏನಿರಬೇಕು ಎಂಬುದನ್ನು ಸುಂಕ ಸಂಕೇತದ ಸಮೇತ (ಮೆಣಸಿಗೆ 0904) ಲಿಖಿತವಾಗಿ ವಾಣಿಜ್ಯ ಸಚಿವಾಲಯಕ್ಕೆ ಸಲ್ಲಿಸಲಿ.

– ರಾಜ್ಯಶಾಸ್ತ್ರ ಉಪನ್ಯಾಸಕ, ಮಡಿಕೇರಿ