ಆಫೀಸರ್ ಕೋರ್ಸಿಗೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. "ಆಫೀಸರ್ ಕೋರ್ಸ್ ಅಂದ್ರೆ ಬರೀ ಬೋರ್ಡು, ಪೆನ್ನು, ಕಾಗದ. ಬೆಂಕಿ ಆರಿಸೋದು ನನಗೆ ಬರುತ್ತೆ ಅಪ್ಪ. ಅಷ್ಟು ವಾರ ಕ್ಲಾಸಲ್ಲಿ ಕೂತು ಏನು ಕಲೀಲಿ?" ಅಂದೆ. ನಾನು ದನಿ ಏರಿಸಿದೆ. ನೀನು ಫೋನ್ ಇಟ್ಟುಬಿಟ್ಟೆ. ಬೇಸರ ಆಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಳೇ. ನನ್ನ ದನಿ ಏರಿದ್ದು ಹೆದರಿಕೆಗೆ. ಅದೇನು ಹೆದರಿಕೆ ಅಂತ ಸೋಮವಾರ ನೀನು ಹೊರಡುವ ಮೊದಲು ಹೇಳಿಬಿಡಬೇಕು. ಫೋನಿನಲ್ಲಿ ಹೇಳಹೋದರೆ ಮತ್ತೆ ಜಗಳ ಆಗುತ್ತೆ. ಅದಕ್ಕೆ ಈ ಪತ್ರ.

ನಿನ್ನ ಮೊದಲ ತರಬೇತಿಯ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. ಇದುವರೆಗೆ ನಿನಗೆ ಹೇಳದ ಒಂದು ಮಾತು ಮಾತ್ರ ಹೇಳುತ್ತೇನೆ. ಮಾಸ್ಕಿನ ಗಾಜಿಗೆ ಕಪ್ಪು ಹಾಳೆ ಅಂಟಿಸಿ, ಹೋಸ್ ಹಿಡಿಸಿ ನಿಮ್ಮನ್ನು ತೆವಳಿಸಿದ್ದರಲ್ಲ, ಅದಾದ ಮೇಲೆ ನಿಮ್ಮ ತರಬೇತುದಾರರು ನನಗೆ ಸಿಕ್ಕಿದ್ದರು. "ಗ್ಲೌಸ್ ಹಾಕಿದ ಕೈಯಲ್ಲೇ ಹೋಸಿನ ಜೋಡಣೆ ಮುಟ್ಟಿ, ಹೊರಗಿನ ದಾರಿ ಯಾವ ಕಡೆ ಅಂತ ತಕ್ಷಣ ಹೇಳ್ತಾಳೆ ನಿಮ್ಮ ಮಗಳು" ಅಂದರು. ಮನೆಗೆ ಬಂದು ಅಮ್ಮನಿಗೆ ಅದನ್ನೇ ಮತ್ತೆ ಮತ್ತೆ ಹೇಳಿದೆ. ಬೆಂಕಿಯ ಮುಂದೆ ನಿನ್ನ ಕೈ ನಡುಗುವುದಿಲ್ಲ. ಅದು ನನಗೆ ಗೊತ್ತು. ಈಗ ಹೆದರಿಕೆ ಹುಟ್ಟಿಸುತ್ತಿರುವುದೂ ಅದೇ.

ಆ ಗೋದಾಮಿನ ರಾತ್ರಿಯ ಕತೆ ನಿನಗೆ ಅರ್ಧ ಮಾತ್ರ ಗೊತ್ತು.

ನಾನು ಕೆಲಸ ಪೂರ್ತಿ ಕಳೆದದ್ದು ಪಂಪಿನ ಪಕ್ಕದಲ್ಲಿ. ಪಂಪ್ ಆಪರೇಟರ್‌ಗೆ ಬೆಂಕಿ ಕಾಣುವುದು ಕಡಿಮೆ. ಒತ್ತಡದ ಮೀಟರ್ ಕಾಣುತ್ತೆ, ಹೊಗೆ ಕಾಣುತ್ತೆ, ವೈರ್‌ಲೆಸ್ಸಿನಲ್ಲಿ ಒಡೆದ ದನಿಗಳು ಕೇಳುತ್ತವೆ. ಆ ರಾತ್ರಿ ನಾಲ್ವರು ಒಳಗೆ ಹೋದರು. ಅವರಲ್ಲಿ ಒಬ್ಬರು ನಮ್ಮ ಆಫೀಸರ್. ಜನ ಕಡಿಮೆ ಇದ್ದಾರೆ ಅಂತ ತಾವೇ ನಾಝಲ್ ಹಿಡಿದು ಮುಂದೆ ನಡೆದರು. ಧೈರ್ಯವಂತ ಮನುಷ್ಯ. ಹೊರಗೆ ಉಳಿದವನು ನಾನೊಬ್ಬನೇ. ಹೆಸರಿನ ಬಿಲ್ಲೆಗಳು ಗಾಡಿಯ ಪೆಟ್ಟಿಗೆಯಲ್ಲೇ ಇದ್ದವು, ಒಳಗೆ ಯಾರಿದ್ದಾರೆ ಅಂತ ತೋರಿಸುವ ಬೋರ್ಡಿಗೆ ಅವನ್ನು ಯಾರೂ ಸಿಕ್ಕಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೊಗೆ ಕಪ್ಪಾಯಿತು. ಬಾಗಿಲಿಂದ ನುಗ್ಗಿ ನುಗ್ಗಿ ಬರತೊಡಗಿತು. ಮೂವರು ಹೊರಗೆ ಬಂದರು. ಹೊಸ ಹುಡುಗ ಇರಲಿಲ್ಲ. ಕರೆದರೆ ವೈರ್‌ಲೆಸ್ಸಿನಲ್ಲಿ ಉತ್ತರವಿಲ್ಲ. ಆಫೀಸರ್ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ನನ್ನ ಗೆಳೆಯನನ್ನು ಕರೆದುಕೊಂಡು ಮತ್ತೆ ಒಳಗೆ ನುಗ್ಗಿದರು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಕೇಳುವವರೇ ಇರಲಿಲ್ಲ. ನಾನು ಪಂಪ್ ಬಿಟ್ಟು ಹೋಗುವ ಹಾಗಿಲ್ಲ. ಒಳಗಿರುವವರ ನೀರು ನನ್ನ ಕೈಯಲ್ಲಿದೆ. ಮೀಟರ್ ನೋಡುವುದು, ಬಾಗಿಲು ನೋಡುವುದು, ಮತ್ತೆ ಮೀಟರ್ ನೋಡುವುದು. ಅಷ್ಟೇ ನನ್ನಿಂದ ಆಗಿದ್ದು.

ಹುಡುಗ ಎಲ್ಲಿದ್ದ ಗೊತ್ತಾ? ಕಟ್ಟಡದ ಹಿಂದೆ. ಹೊಗೆಯಲ್ಲಿ ದಾರಿ ತಪ್ಪಿ ಹಿಂಬಾಗಿಲು ಸಿಕ್ಕಿ ಹೊರಬಿದ್ದಿದ್ದ. ಮಾಸ್ಕ್ ಕಿತ್ತು ಕೆಮ್ಮುತ್ತಾ ಕೂತಿದ್ದ. ವೈರ್‌ಲೆಸ್ ಒಳಗೇ ಬಿದ್ದುಹೋಗಿತ್ತು. ಹೊರಗಿದ್ದ ಹುಡುಗನನ್ನು ಹುಡುಕಲು ಇಬ್ಬರು ಒಳಗೆ ಹೋಗಿದ್ದರು. ಇಬ್ಬರೂ ಜೀವಂತ ಬಂದರು, ಆದರೆ ನನ್ನ ಗೆಳೆಯನ ಕೈಗಳು ಮತ್ತೆ ಪೂರ್ತಿ ಮಡಚಲು ಬರಲಿಲ್ಲ. ಅವನು ಯಾರು ಅಂತ ನಿನಗೆ ಗೊತ್ತು. ಚಿಕ್ಕವಳಿದ್ದಾಗ ನಿನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಗಂಟೆ ಬಾರಿಸಲು ಬಿಡುತ್ತಿದ್ದವನು ಅವನೇ. ಕೆಲಸ ಬಿಟ್ಟದ್ದು ಯಾಕೆ ಅಂತ ನೀನು ಕೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಒಬ್ಬರು ಹೊರಗೆ ನಿಂತು ಎಣಿಸಿದ್ದರೆ, ಒಬ್ಬರು ಕಟ್ಟಡದ ಸುತ್ತ ನಡೆದು ನೋಡಿದ್ದರೆ ಸಾಕಿತ್ತು. ಇಷ್ಟು ವರ್ಷವಾದರೂ ನಾನು ಅಲ್ಲೇ ನಿಂತಿದ್ದೇನೆ ಪುಟ್ಟಿ. ಮೂವರು ಬಂದರು, ನಾಲ್ಕನೆಯವನು ಇಲ್ಲ, ಮತ್ತೆ ಎಣಿಸು. ನಿದ್ದೆಯಲ್ಲೂ ಎಣಿಸುತ್ತೇನೆ. ನೀನು ಬೋರ್ಡು, ಪೆನ್ನು ಅಂತ ಹಗುರವಾಗಿ ಅಂದಾಗ ನನಗೆ ಆ ಪೆಟ್ಟಿಗೆಯೊಳಗಿನ ಬಿಲ್ಲೆಗಳು ಕಂಡವು.

ಆ ಬೋರ್ಡು ಸುಮ್ನೆ ಬಂದದ್ದಲ್ಲ. 1958ರ ಜನವರಿಯಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ನೆಲಮಾಳಿಗೆಗೆ ಬೆಂಕಿ ಬಿತ್ತು. ಕೆಳಗೆ ದಾರಿಗಳು ಒಂದರೊಳಗೊಂದು ಸುತ್ತಿಕೊಂಡಿದ್ದವು. ಹೊಗೆಯಲ್ಲಿ ದಾರಿ ಸಿಗದೆ ಇಬ್ಬರು ಸತ್ತರು. ಅವರಲ್ಲಿ ಒಬ್ಬರು ಸ್ಟೇಷನ್ ಆಫೀಸರ್. ಅದಾದ ಮೇಲೆಯೇ ಅಲ್ಲಿ ಬಿ.ಎ. ಸೆಟ್ (ಉಸಿರಾಟದ ಮಾಸ್ಕು, ಗಾಳಿ ಸಿಲಿಂಡರ್) ಹಾಕಿಕೊಂಡು ಒಳಗೆ ಹೋಗುವ ಪ್ರತಿಯೊಬ್ಬರ ಬಿಲ್ಲೆಯನ್ನು ಬಾಗಿಲಲ್ಲಿ ತೆಗೆದುಕೊಂಡು, ಯಾರು ಯಾವಾಗ ಹೋದರು, ಯಾವಾಗ ಬರಬೇಕು ಅಂತ ಬರೆದಿಡುವ ಪದ್ಧತಿ ಗಟ್ಟಿಯಾಯಿತು.

ಇನ್ನೊಂದು ಘಟನೆ ನಿನ್ನ ಕೋರ್ಸಿನಲ್ಲೂ ಬರಬಹುದು. ಅಮೆರಿಕದ ವೂಸ್ಟರ್ ಊರಿನ ಪಾಳುಬಿದ್ದ ಕೋಲ್ಡ್ ಸ್ಟೋರೇಜ್, 1999ರ ಡಿಸೆಂಬರ್ 3. ದೊಡ್ಡ ಕಟ್ಟಡ, ಮೇಲಿನ ಮಹಡಿಗಳಿಗೆ ಕಿಟಕಿಯೇ ಇಲ್ಲದ ಹಾಗೆ. ಒಳಗೆ ಮನೆಯಿಲ್ಲದ ಜನ ಮಲಗಿರಬಹುದು ಅಂತ ಸುದ್ದಿ ಬಂತು. ಹುಡುಕಲು ಹೋದ ಇಬ್ಬರು ದಾರಿ ತಪ್ಪಿದರು, ಗಾಳಿ ಮುಗಿಯುತ್ತಿದೆ ಅಂತ ವೈರ್‌ಲೆಸ್ಸಿನಲ್ಲಿ ಕೂಗಿದರು. ಅವರನ್ನು ಹುಡುಕಲು ಹೋದ ನಾಲ್ವರೂ ಸಿಕ್ಕಿಹಾಕಿಕೊಂಡರು. ಒಟ್ಟು 6 ಜನ ಸತ್ತರು. ಒಳಗಿದ್ದಾರೆ ಅಂದುಕೊಂಡಿದ್ದ ಜನ ಮೊದಲೇ ಹೊರಟುಹೋಗಿದ್ದರು. ಇನ್ನೂ ಎಷ್ಟೋ ಜನ ಗೆಳೆಯರನ್ನು ತರುತ್ತೇವೆ ಅಂತ ಒಳಗೆ ನುಗ್ಗಲು ತಯಾರಾಗಿದ್ದರು. ಆಗ ಡಿಸ್ಟ್ರಿಕ್ಟ್ ಚೀಫ್ ಮೈಕ್ ಮೆಕ್‌ನಮೀ ಬಾಗಿಲಿಗೆ ಅಡ್ಡ ನಿಂತು, ಇನ್ನು ಯಾರನ್ನೂ ಒಳಗೆ ಬಿಡುವುದಿಲ್ಲ ಅಂದರು. ತಮ್ಮವರು 6 ಜನ ಒಳಗಿರುವಾಗ!

ನಾಝಲ್ ಹಿಡಿಯುವುದನ್ನು ನಿನಗೆ ಯಾರೂ ಕಲಿಸಬೇಕಿಲ್ಲ. ಬಾಗಿಲಿಗೆ ಅಡ್ಡ ನಿಲ್ಲುವುದನ್ನು ಕಲಿಯಬೇಕು. ಅದು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಕ್ಲಾಸಿನಲ್ಲಿ ಕೂತು, ನಕ್ಷೆ ಮುಂದಿಟ್ಟು, ಸುಳ್ಳು ಬೆಂಕಿಗೆ ನಿಜವಾದ ನಿರ್ಧಾರ ತೆಗೆದುಕೊಂಡು, ತಪ್ಪಾಗಿ, ಮತ್ತೆ ಮಾಡಿ ಬರಬೇಕು. ಮೊದಲ ಕೋರ್ಸ್ ನಿನ್ನ ಮೈಗೆ ಕೆಲಸ ಕಲಿಸಿತು. ಈಗಿನ ಕೋರ್ಸಿನಲ್ಲಿ ಬೇರೆಯವರ ಜೀವದ ಲೆಕ್ಕ ಇಡುವುದು ಕಲಿಯುತ್ತೀಯ.

ಉಪದೇಶ ಮಾಡುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟು ಕೂತವನು ನಾನು. ಆದರೂ ಇಷ್ಟು ಕೇಳು. ಗಾಡಿ ಇಳಿದ ತಕ್ಷಣ ಹೋಸ್ ಕಡೆ ಓಡಬೇಡ, ಆಗುವಷ್ಟು ಮಟ್ಟಿಗೆ ಕಟ್ಟಡದ ನಾಲ್ಕೂ ಕಡೆ ನೋಡು. ಹೊಗೆಯ ಬಣ್ಣ ಮಾತ್ರ ನೋಡಿದರೆ ಸಾಲದು. ಎಷ್ಟು ದಟ್ಟವಾಗಿದೆ, ಎಷ್ಟು ವೇಗವಾಗಿ ನುಗ್ಗುತ್ತಿದೆ ಅಂತ ನೋಡು. ಮೊದಲ ಆಫೀಸರ್ ವೈರ್‌ಲೆಸ್ಸಿನಲ್ಲಿ ಏನು ಹೇಳುತ್ತಾರೋ ಹಿಂದೆ ಬರುವವರೆಲ್ಲ ಅದರ ಮೇಲೆ ಕೆಲಸ ಮಾಡುತ್ತಾರೆ. ಅದಕ್ಕೇ ಏನು ಕಾಣುತ್ತಿದೆ, ಏನು ಮಾಡುತ್ತಿದ್ದೇವೆ, ಏನು ಬೇಕು, ಈ ಮೂರನ್ನು ಸ್ಪಷ್ಟವಾಗಿ ಹೇಳಿಬಿಡು. ನೇರವಾಗಿ ನಿನ್ನ ಕೈಕೆಳಗೆ ಐದು ಜನರಿಗಿಂತ ಜಾಸ್ತಿ ಆದರೆ ಗುಂಪು ಮಾಡಿ ಇನ್ನೊಬ್ಬರಿಗೆ ಒಪ್ಪಿಸು. ಗಾಳಿ ಎಷ್ಟಿದೆ ಅಂತ ನೀನೇ ಕೇಳು, ಅವರು ಹೇಳಲಿ ಅಂತ ಕಾಯಬೇಡ. 30 ನಿಮಿಷದ್ದು ಅಂತ ಬರೆದಿರುವ ಸಿಲಿಂಡರ್ ಮೆಟ್ಟಿಲು ಹತ್ತಿ ಹೋಸ್ ಎಳೆಯುವವರಿಗೆ ಎಷ್ಟೋ ಸಲ 20 ನಿಮಿಷವೂ ಬರುವುದಿಲ್ಲ.

ಸಮಯವೂ ನನ್ನ ಕಾಲದಷ್ಟು ಸಿಗುವುದಿಲ್ಲ. ಸುರಕ್ಷತೆಯ ಪರೀಕ್ಷೆ ಮಾಡುವ ಅಮೆರಿಕದ ಯುಎಲ್ ಸಂಸ್ಥೆಯವರು ಎರಡು ಕೋಣೆಗಳಿಗೆ ಬೆಂಕಿ ಹಚ್ಚಿ ಹೋಲಿಸಿ ನೋಡಿದ್ದರು. ಹಳೆ ಕಾಲದ ಮರ, ಹತ್ತಿಯ ಸಾಮಾನಿದ್ದ ಕೋಣೆ ಫ್ಲ್ಯಾಶ್‌ಓವರ್ ಆಗಲು, ಅಂದರೆ ಪೂರ್ತಿ ಒಮ್ಮೆಗೇ ಹೊತ್ತಿಕೊಳ್ಳಲು, 29 ನಿಮಿಷ ದಾಟಿತು. ಫೋಮ್ ಸೋಫಾ, ಸಿಂಥೆಟಿಕ್ ಬಟ್ಟೆ ತುಂಬಿದ ಕೋಣೆಗೆ 4 ನಿಮಿಷವೂ ಬೇಕಾಗಲಿಲ್ಲ. ಸೂರಿನ ಕೆಳಗಿನ ಬಿಸಿ 600 ಡಿಗ್ರಿಯ ಹತ್ತಿರ ಹೋಗಿ ಇಡೀ ಕೋಣೆ ಒಟ್ಟಿಗೆ ಹೊತ್ತಿಕೊಂಡಾಗ ನಿನ್ನ ದಪ್ಪ ಕೋಟು ಕೆಲವೇ ಸೆಕೆಂಡು ತಡೆಯುತ್ತೆ. ಒಳಗಿರುವವರಿಗೆ ಅದು ಬರುವುದು ಗೊತ್ತಾಗದೆ ಇರಬಹುದು. ಹೊರಗೆ ನಿಂತು ಹೊಗೆ ನೋಡುವವರಿಗೆ ಗೊತ್ತಾಗುತ್ತೆ.

ಮುಂದೆ ನೀನೇ ಹೊಸಬರಿಗೆ ಕಲಿಸುವವಳಾಗುತ್ತೀಯ. ತರಬೇತಿಗೆ ಹಚ್ಚುವ ಬೆಂಕಿಯೂ ಬೆಂಕಿಯೇ. 1982ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಅಂಥ ಬೆಂಕಿಯಲ್ಲೇ ಇಬ್ಬರು ಸತ್ತರು. 1986ರಲ್ಲಿ, ಬೆಂಕಿ ಸುರಕ್ಷತೆಯ ಮಾನದಂಡ ರೂಪಿಸುವ ಅಲ್ಲಿನ ಎನ್‌ಎಫ್‌ಪಿಎ ಸಂಸ್ಥೆಯ 1403 ಅನ್ನುವ ತರಬೇತಿ ಮಾನದಂಡ ಬಂತು. ಬೆಂಕಿ ಹಚ್ಚುವ ಮೊದಲು ಎಲ್ಲರನ್ನೂ ಕಟ್ಟಡದೊಳಗೆ ನಡೆಸಿ ಬಾಗಿಲುಗಳನ್ನು ತೋರಿಸಬೇಕು. ಸಿಕ್ಕಿಹಾಕಿಕೊಂಡವರ ಪಾತ್ರಕ್ಕೆ ಬೊಂಬೆಯನ್ನೇ ಇಡಬೇಕು, ಮನುಷ್ಯರನ್ನಲ್ಲ. ಐದು ಜನ ಕಲಿಯುವವರಿಗೆ ಒಬ್ಬ ತರಬೇತುದಾರ ಇರಬೇಕು. ನಿನ್ನ ಕೋರ್ಸಿನಲ್ಲಿ ಇದನ್ನು ಬೇಗ ಬೇಗ ಮುಗಿಸಹೊರಟರೆ ನಿಲ್ಲಿಸಿ ಕೇಳು. ಪ್ರಶ್ನೆ ಕೇಳಿದರೆ ಚಿಕ್ಕವಳಾಗುತ್ತೇನೆ ಅಂದುಕೊಳ್ಳಬೇಡ.

ಇನ್ನೊಂದು ಚಿಂತೆ ಇದೆ. ನೀನು ಆಫೀಸರ್ ಆಗಿ ವಾಪಸ್ ಬಂದಾಗ ನಿನ್ನ ಮಾತು ಕೇಳಬೇಕಾದವರಲ್ಲಿ ನನ್ನ ಜೊತೆ ಕೆಲಸ ಮಾಡಿದವರೂ ಇರುತ್ತಾರೆ. ನಿನ್ನನ್ನು ಎತ್ತಿ ಆಡಿಸಿದವರು. "ಹೊರಗೆ ಬನ್ನಿ" ಅಂದರೆ ಬರುತ್ತಾರಾ? 1949ರ ಆಗಸ್ಟ್ 5ರಂದು ಅಮೆರಿಕದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಕಾಡ್ಗಿಚ್ಚು ಬೆನ್ನಟ್ಟಿದಾಗ ತಂಡದ ಮುಖ್ಯಸ್ಥ ವ್ಯಾಗ್ನರ್ ಡಾಜ್ ಮುಂದಿನ ಹುಲ್ಲಿಗೆ ತಾವೇ ಬೆಂಕಿ ಹಚ್ಚಿದರು. ಸುಟ್ಟ ಜಾಗದಲ್ಲಿ ಮಲಗಿದರೆ ಉಳಿಯಬಹುದು ಅಂತ ಹುಡುಗರನ್ನು ಕರೆದರು. ಅಂಥದ್ದನ್ನು ಯಾರಿಗೂ ಕಲಿಸಿರಲಿಲ್ಲ. ಯಾರೂ ಬರಲಿಲ್ಲ. 13 ಜನ ಸತ್ತರು, ಡಾಜ್ ಉಳಿದರು. ನಿನ್ನ ತಂಡದವರು ನಿನ್ನ ಆದೇಶವನ್ನು ಮೊದಲ ಸಲ ಕೇಳುವುದು ಬೆಂಕಿಯ ಮುಂದೆ ಆಗಬಾರದು. ಬೆಂಕಿ ಇಲ್ಲದ ದಿನಗಳಲ್ಲಿ ಅವರ ಜೊತೆ ಅಭ್ಯಾಸ ಮಾಡು. ಯಾಕೆ ಹೀಗೆ ಅಂತ ಹೇಳಿಕೊಡು. ಅವರು ಹೇಳುವುದನ್ನೂ ಕೇಳು. ಆ ಹಿರಿಯರಿಗೆ ಗೊತ್ತಿರುವುದು ಎಷ್ಟೋ ಪುಸ್ತಕಗಳಲ್ಲಿ ಇಲ್ಲ.

ತುಂಬಾ ಉದ್ದ ಆಯಿತು. ನೀನು ಆಯ್ಕೆಯಾದೆ ಅಂತ ಗೊತ್ತಾದ ದಿನ ನಾನು ಜಾಸ್ತಿ ಮಾತಾಡಲಿಲ್ಲ, ನಿನಗೆ ಅದು ಬೇಸರವಾಗಿತ್ತು ಅಂತ ಅಮ್ಮ ಹೇಳಿದಳು. ನಾನು ಪಂಪಿನ ಪಕ್ಕದಲ್ಲೇ ನಿವೃತ್ತನಾದವನು. ನನ್ನ ಮಗಳು ಬೋರ್ಡ್ ಹಿಡಿಯುವ ಜಾಗಕ್ಕೆ ಹೋಗುತ್ತಿದ್ದಾಳೆ. ಸಂತೋಷ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೇ.

ಒಂದು ಕೆಲಸ ಮಾಡು. ತಂಡದ ಒಬ್ಬರು ಕಾಣೆಯಾದಾಗ ಉಳಿದವರನ್ನು ಹೇಗೆ ತಡೆದು ನಿಲ್ಲಿಸಬೇಕು, ಯಾರನ್ನು ಎಷ್ಟು ಗಾಳಿಯ ಜೊತೆ ಒಳಗೆ ಕಳಿಸಬೇಕು ಅಂತ ಅಲ್ಲಿ ಹೇಗೆ ಕಲಿಸುತ್ತಾರೆ, ನನಗೆ ವಿವರವಾಗಿ ಬರೆ. ನಮ್ಮ ಕಾಲದಲ್ಲಿ ಅದನ್ನು ಯಾರೂ ಕಲಿಸಲಿಲ್ಲ. ನನ್ನ ಗೆಳೆಯನೂ ಕೇಳುತ್ತಿದ್ದಾನೆ. ಭಾನುವಾರ ನಾವಿಬ್ಬರೂ ಮನೆಯಲ್ಲೇ ಇರುತ್ತೇವೆ, ಫೋನ್ ಮಾಡಿದರೂ ಆಯಿತು.

ನಿನ್ನ ಅಪ್ಪ