ಮಹಾಪ್ರಬಂಧಗಳ ಹಿಂದೆ ನಿಂತವರಿಗೆ

ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಬುಡಕಟ್ಟು ಸಮುದಾಯಗಳಿಂದ ಬಂದು ನಮ್ಮ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿದ್ದವರಲ್ಲಿ ಕೊನೆಯವರ ಮಹಾಪ್ರಬಂಧವೂ ಈಗ ಸಲ್ಲಿಕೆಯಾಗಿದೆ. ಬರೆದವರು ಅವರು, ಶ್ರೇಯಸ್ಸೂ ಅವರದೇ. ಇಂಥ ಸಂಶೋಧನೆ ಎಲ್ಲೆಲ್ಲಿ ನಿಂತುಹೋಗುತ್ತದೆ ಎಂಬುದು ಮಾರ್ಗದರ್ಶಕರಾದ ನಮಗೆ ಗೊತ್ತು. ಅಲ್ಲಲ್ಲಿ ಕೈಹಿಡಿದು ನಡೆಸಿದವರಿಗೆ ಈ ಕೃತಜ್ಞತೆ.

ಮೊದಲ ನಮಸ್ಕಾರ ಕಚೇರಿಯ ಗುಮಾಸ್ತರಿಗೆ. ಸಂಶೋಧನೆಗೆ ಸಿಗುವ ಫೆಲೋಶಿಪ್ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ. ಆದರೆ ವಿಶ್ವವಿದ್ಯಾಲಯದಿಂದ ಪ್ರತಿ ತಿಂಗಳೂ ದೃಢೀಕರಣ ಹೋಗದಿದ್ದರೆ ಹಣ ಬರುವುದಿಲ್ಲ. ಜಾತಿ ಪ್ರಮಾಣಪತ್ರದಲ್ಲಿ ಹೆಸರು ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ಲು, ಇಷ್ಟಿದ್ದರೆ ಸಾಕು, ಅರ್ಜಿ ವಾಪಸ್. ಮನೆಯಿಂದ ದುಡ್ಡು ತರಿಸಿಕೊಂಡು ಮೂರು ತಿಂಗಳು ತಳ್ಳುವ ಅನುಕೂಲ ಇವರಿಗಿಲ್ಲ; ಹಾಸ್ಟೆಲ್ ಬಿಟ್ಟು ಕೂಲಿಗೆ ಮರಳಬೇಕಾಗುತ್ತದೆ. ಹಾಗೆ ಮರಳಿದವರಿಗೆ ‘ಆಸಕ್ತಿ ಕಡಿಮೆ’ ಎಂದು ಷರಾ ಬರೆಯುವುದು ಅನ್ಯಾಯ. ನಮ್ಮ ಗುಮಾಸ್ತರು ಪ್ರವೇಶದ ವಾರದಲ್ಲೇ ಈ ಮೂರು ದಾಖಲೆಗಳನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು. ತಿದ್ದುಪಡಿಗೆ ನಾಡಕಚೇರಿಗೆ ಏನು ಕೊಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಹಾಡಿ, ಪೋಡುಗಳ, ಅಂದರೆ ಈ ಸಮುದಾಯಗಳ ಊರುಗಳ, ಹಿರಿಯರ ಋಣ ದೊಡ್ಡದು. ಕೊಡಗಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಹಾಡಿಯ ಎಷ್ಟೋ ಮನೆಗಳಿಗೆ ಬೀಗ, ಜನ ತೋಟದ ಲೈನ್‌ಮನೆಗಳಲ್ಲಿ. ಮಳೆಗೆ ಮುಂಚೆ ಜೇನಿನ ಕಾಲ. ಇದನ್ನು ಕೇಳಿಕೊಳ್ಳದೆ ಕ್ಷೇತ್ರಕಾರ್ಯಕ್ಕೆ ಹೊರಟರೆ ಬಂದ ದಾರಿಗೆ ಸುಂಕವಿಲ್ಲ. ಹಿರಿಯರು ಸಂಜೆ ಹಣ್ಣು ತೂಕ ಹಾಕಿಸಿ ಬಂದು, ದಣಿದ ಮೈಯಲ್ಲೇ ಕೂತು ಮಾತಾಡಿದರು.

ಇನ್ನೊಂದು ತೊಡಕು ಹೊರಗಿನವರಿಗೆ ಕಾಣುವುದಿಲ್ಲ. ಸಂಶೋಧನಾರ್ಥಿ ಅದೇ ಹಾಡಿಯ ಮಗಳಾದರೆ ಅಜ್ಜಿ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ‘ನಿಂಗೆ ಗೊತ್ತಿರೋದೇ ಅಲ್ವಾ ಮಗಳೇ.’ ಪಕ್ಕದಲ್ಲಿ ಏಳೆಂಟು ವರ್ಷದ ಮಗುವನ್ನು ಕೂರಿಸಿ ‘ಇವಳಿಗೆ ಹೇಳಜ್ಜಿ’ ಎಂದರೆ ಬೇರಿನ ಹೆಸರು, ಕೀಳುವ ಹೊತ್ತು, ಎಲ್ಲ ಬಿಡಿಬಿಡಿಯಾಗಿ ಬರುತ್ತದೆ. ಹಾಗೆ ಕೂತ ಮಕ್ಕಳಿಗೂ ವಂದನೆ.

ಒಂದು ಗಂಟೆಯ ಧ್ವನಿಮುದ್ರಣ ಬರಹಕ್ಕಿಳಿಸಲು ಪೂರ್ತಿ ಒಂದು ದಿನ ಬೇಕು. ಬೆಟ್ಟಕುರುಬರ ನುಡಿಯಲ್ಲಿ ನಾಲಿಗೆ ಬಾಯಿಯ ನಡುವೆ ನಿಲ್ಲುವ ಸ್ವರಗಳಿವೆ, ಕನ್ನಡದಲ್ಲಿ ಅವಕ್ಕೆ ಅಕ್ಷರವಿಲ್ಲ. ಬೇರೆ ಗುರುತು ಹಾಕಬೇಕು. ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಬೆರಳಚ್ಚು ಮಾಡಿ ಆಮೇಲೆ ಯೂನಿಕೋಡ್‌ಗೆ ತಂದರೆ ಒತ್ತಕ್ಷರ, ಅರ್ಕಾವತ್ತು ಚದುರುತ್ತವೆ, ಈ ಗುರುತುಗಳಂತೂ ಮಾಯ. ಮೊದಲ ಅಧ್ಯಾಯದಿಂದಲೇ ಯೂನಿಕೋಡ್‌ನಲ್ಲಿ ಕೂರಿಸಿ, ಪ್ರತಿ ಪುಟವನ್ನೂ ನೋಟ್‌ಬುಕ್ ಎದುರಿಟ್ಟು ತಿದ್ದಿದ ಡಿಟಿಪಿ ಅಂಗಡಿಯ ಅಕ್ಕನಿಗೆ ಶರಣು.

ಹುಲಿ ಮೀಸಲು ಪ್ರದೇಶದೊಳಗಿನ ಅಧ್ಯಯನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೋರ್ಸ್‌ವರ್ಕ್ (ಪಿಎಚ್.ಡಿ.ಯ ಆರಂಭದ ತರಗತಿಗಳು) ಮುಗಿಯುವವರೆಗೆ ಕಾಯಬೇಡಿ, ಅರ್ಜಿ ಈಗಲೇ ಹಾಕಿ ಎಂದು ಎಚ್ಚರಿಸಿದ ಸಿಬ್ಬಂದಿಯನ್ನೂ ನೆನೆಯುತ್ತೇವೆ.

ಧ್ವನಿಮುದ್ರಣಗಳ ಪ್ರತಿ ಮೆಮೊರಿ ಕಾರ್ಡ್‌ಗಳಲ್ಲಿ ಹಾಡಿಗಳಿಗೆ ತಲುಪಿದೆ. ಮೌಖಿಕ ಪರೀಕ್ಷೆಗಳು ಕುಯ್ಲು ಮುಗಿದ ಮೇಲೆ, ಮಾರ್ಚ್‌ನಲ್ಲಿ. ಅಜ್ಜಿಯರೂ ಬರುತ್ತೇವೆ ಎಂದಿದ್ದಾರೆ. ಜೀಪು ಗೊತ್ತುಮಾಡಿದ್ದೇವೆ, ಮುಂದಿನ ಸಾಲಿನ ಕುರ್ಚಿಗಳು ಅವರಿಗೆ.